ಹಳೆಯ ಲ್ಯಾಂಡ್ ರೋವರ್‌ನ ಓವರ್‌ಡ್ರೈವ್: ನೆಲಕ್ಕೆ ಹನಿಯೂ ಬಿದ್ದಿಲ್ಲ, ಎಣ್ಣೆ ಎಲ್ಲಿ ಹೋಯಿತು?

ಪ್ರಶ್ನೆ (ವೇಲ್ಸ್‌ನಿಂದ):
ನಮಸ್ಕಾರ ಸರ್. ನನ್ನ ಬಳಿ 1978ರ ಸೀರೀಸ್ 3 ಲ್ಯಾಂಡ್ ರೋವರ್ ಇದೆ. 88 ಇಂಚಿನ ಗಿಡ್ಡ ಚಾಸಿ, 2.25 ಲೀಟರ್ ಪೆಟ್ರೋಲ್ ಎಂಜಿನ್. ಹಿಂದಿನ ಮಾಲೀಕರು ಫೇರಿ ಓವರ್‌ಡ್ರೈವ್ (ಹೆದ್ದಾರಿ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗಲೆಂದು ಸೇರಿಸುವ ಹೆಚ್ಚುವರಿ ಗೇರ್ ಘಟಕ) ಹಾಕಿಸಿದ್ದರು. ಅದನ್ನು ಹಾಕಿಕೊಂಡು ಗಂಟೆಗೆ 80 ಕಿ.ಮೀ. ವೇಗಕ್ಕೆ ಬಂದರೆ ಗುಂಯ್ ಎನ್ನುತ್ತದೆ. ಇಳಿಜಾರಿನಲ್ಲಿ ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ತಾನಾಗಿಯೇ ಗೇರ್‌ನಿಂದ ಕಳಚಿಕೊಳ್ಳುತ್ತದೆ. ಓವರ್‌ಡ್ರೈವ್‌ನ ಎಣ್ಣೆ ಕಡಿಮೆಯಿತ್ತು, ತುಂಬಿಸಿದೆ, ಮತ್ತೆ ಇಳಿದಿದೆ. ಆದರೆ ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಹನಿಯೂ ಇಲ್ಲ. ಬಿಚ್ಚಿಸಲೇಬೇಕೇ?

ಉತ್ತರ (ಗೇರ್‌ಬಾಕ್ಸ್ ಮೆಕ್ಯಾನಿಕ್):
ನಮಸ್ಕಾರ. ಎಣ್ಣೆ ಸೋರುವುದಕ್ಕೇ ಹೆಸರಾದ ಸೀರೀಸ್ ಲ್ಯಾಂಡ್ ರೋವರ್ ಕೆಳಗೆ ಹನಿ ಬಿದ್ದಿಲ್ಲ ಎಂದರೆ ನನಗೆ ಅಲ್ಲೇ ಅನುಮಾನ ಶುರುವಾಗುತ್ತದೆ! ಬಿಚ್ಚುವ ಮಾತು ಆಮೇಲೆ. ಮೊದಲು ಟ್ರಾನ್ಸ್‌ಫರ್ ಬಾಕ್ಸ್‌ನ (ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಲೆವೆಲ್ ಪ್ಲಗ್, ಅಂದರೆ ಎಣ್ಣೆಯ ಮಟ್ಟ ನೋಡುವ ಬಿರಡೆ, ತೆಗೆದು ನೋಡಿ.

ನಿಮ್ಮ ಗಾಡಿಯಲ್ಲಿ ಮೂರು ಕಡೆ ಬೇರೆ ಬೇರೆ ಎಣ್ಣೆ ಇದೆ: ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಬಾಕ್ಸ್, ಓವರ್‌ಡ್ರೈವ್. ಸರ್ವಿಸ್‌ಗೆ ಬಿಟ್ಟರೆ ಮೊದಲಿನ ಎರಡನ್ನು ಎಲ್ಲರೂ ನೋಡುತ್ತಾರೆ. ಮೂರನೆಯದು ಕಾರ್ಖಾನೆಯಿಂದ ಬಂದದ್ದಲ್ಲ, ಮೇಲಿಂದ ಸೇರಿಸಿದ್ದು, ಹಾಗಾಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಟ್ಯಾವಿಸ್ಟಾಕ್‌ನಲ್ಲಿ ಫೇರಿ ಕಂಪನಿ ತಯಾರಿಸಿದ ಗಟ್ಟಿ ಯಂತ್ರ ಇದು. ಆದರೆ ಇದರ ಹೊಟ್ಟೆ ಚಿಕ್ಕದು. ದೊಡ್ಡ ಗೇರ್‌ಬಾಕ್ಸ್‌ನಲ್ಲಿ ಒಂದು ಲೋಟ ಎಣ್ಣೆ ಕಡಿಮೆಯಾದರೆ ಹೇಗೋ ನಡೆಯುತ್ತದೆ, ಇದರಲ್ಲಿ ನಡೆಯುವುದಿಲ್ಲ. ನನ್ನ ಕೈಗೆ ಬಂದ ಕೆಟ್ಟ ಓವರ್‌ಡ್ರೈವ್‌ಗಳಲ್ಲಿ ಹೆಚ್ಚಿನವು ಸವೆದು ಸತ್ತವಲ್ಲ, ಒಣಗಿ ಸತ್ತವು.

ಈ ಘಟಕ ಟ್ರಾನ್ಸ್‌ಫರ್ ಬಾಕ್ಸ್‌ನ ಹಿಂಬದಿಗೆ, ಪಿಟಿಒ (ಎಂಜಿನ್ ಶಕ್ತಿಯಿಂದ ಬೇರೆ ಯಂತ್ರ ಓಡಿಸುವ ಸಾಧನ) ಜೋಡಿಸುವ ಜಾಗದಲ್ಲಿ, ಬೋಲ್ಟ್ ಆಗಿ ಕೂತಿರುತ್ತದೆ. ಟ್ರಾನ್ಸ್‌ಫರ್ ಬಾಕ್ಸ್‌ನ ಎಣ್ಣೆಯ ಮಟ್ಟ ಇದಕ್ಕಿಂತ ಕೆಳಗಿದೆ. ನಡುವಿನ ಸೀಲ್ (ಎಣ್ಣೆ ತಡೆಯುವ ಉಂಗುರ) ಹೋದರೆ ಎಣ್ಣೆ ನೆಲಕ್ಕೆ ಬೀಳದೆ ಸದ್ದಿಲ್ಲದೆ ಅಲ್ಲಿಗೆ ಇಳಿಯುತ್ತದೆ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಣ್ಣೆ ತಣಿದ ಮೇಲೆ ಮೂರೂ ಕಡೆ ಮಟ್ಟ ನೋಡಿ. ಗೇರ್‌ಬಾಕ್ಸ್‌ನಲ್ಲೂ ಎಣ್ಣೆ ಇಳಿದಿದ್ದರೆ ಅದರ ಮುಖ್ಯ ದಂಡವಾದ ಮೇನ್ ಶಾಫ್ಟ್‌ನ ಹಿಂದಿನ ಸೀಲ್ ಮೇಲೂ ಕಣ್ಣಿಡಬೇಕಾಗುತ್ತದೆ, ಏಕೆಂದರೆ ಅದು ಸೋರಿದರೂ ಎಣ್ಣೆ ಸೇರುವುದು ಅದೇ ಟ್ರಾನ್ಸ್‌ಫರ್ ಬಾಕ್ಸ್‌ಗೆ.

ಓವರ್‌ಡ್ರೈವ್‌ನ ಬ್ರೀದರ್, ಅಂದರೆ ಗಾಳಿಯಾಡುವ ರಂಧ್ರವನ್ನೂ ಮರೆಯಬೇಡಿ. ಕೆಸರು ಮೆತ್ತಿ ಅದು ಮುಚ್ಚಿದರೆ ಒಳಗಿನ ಬಿಸಿ ಗಾಳಿಗೆ ದಾರಿಯಿಲ್ಲದೆ ಅದು ಎಣ್ಣೆಯನ್ನು ಸೀಲ್ ಮೂಲಕವೇ ದಬ್ಬುತ್ತದೆ. ಆಗ ಹೊಸ ಸೀಲ್ ಹಾಕಿದರೂ ಬಾಳುವುದಿಲ್ಲ.

ಇನ್ನು ಕಳಚಿಕೊಳ್ಳುವ ವಿಷಯ. ಒಳಗಿನ ಹಲ್ಲುಗಳನ್ನು ದೂರುವ ಮೊದಲು ನೆಲಹಾಸನ್ನು ನೋಡಿ, ತಮಾಷೆಯಲ್ಲ. ಶಬ್ದ ತಗ್ಗಲಿ ಎಂದು ದಪ್ಪ ರಬ್ಬರ್ ಮ್ಯಾಟ್ ಹಾಕಿಸಿದ ಗಾಡಿಗಳಲ್ಲಿ ಓವರ್‌ಡ್ರೈವ್ ಲಿವರ್ ಅದಕ್ಕೆ ತಗುಲಿ ಮುಕ್ಕಾಲು ದಾರಿಯಲ್ಲೇ ನಿಲ್ಲುತ್ತದೆ. ಗೇರ್‌ಬಾಕ್ಸ್‌ನ ರಬ್ಬರ್ ಮೌಂಟಿಂಗ್ ಕುಸಿದಿದ್ದರೂ ಹೀಗೆಯೇ. ಹಲ್ಲು ಪೂರ್ತಿ ಕಚ್ಚಿಕೊಳ್ಳದಿದ್ದರೆ ಎಂಜಿನ್ ಹಿಡಿತ ಸಡಿಲಾದ ಕ್ಷಣ ಜಾರುತ್ತದೆ. ಮ್ಯಾಟ್ ತೆಗೆದು ಓಡಿಸಿ ನೋಡಿ. ಆಗಲೂ ಜಾರಿದರೆ ಲಿಂಕೇಜ್ (ಲಿವರನ್ನು ಘಟಕಕ್ಕೆ ಜೋಡಿಸುವ ಸರಳು) ಹೊಂದಿಸಬೇಕು, ಅದಕ್ಕೂ ಬಗ್ಗದಿದ್ದರೆ ಬಿಚ್ಚಲೇಬೇಕು.

ಪ್ರಶ್ನೆ ಕೇಳಿದವರು:
ಸರ್, ಟ್ರಾನ್ಸ್‌ಫರ್ ಬಾಕ್ಸ್ ಪ್ಲಗ್ ಸಡಿಲಿಸಿದ ಕೂಡಲೇ ಎಣ್ಣೆ ತೋಳಿನವರೆಗೂ ಹರಿಯಿತು. ಗೇರ್‌ಬಾಕ್ಸ್ ಮಟ್ಟ ಸರಿಯಾಗಿದೆ. ಮ್ಯಾಟ್ ತೆಗೆದ ಮೇಲೆ ಕಳಚಿಕೊಳ್ಳುವುದು ನಿಂತಿದೆ. ಗುಂಯ್ ಶಬ್ದ ಮಾತ್ರ ಹಾಗೆಯೇ ಇದೆ. ಯಾವ ಎಣ್ಣೆ ಹಾಕಲಿ?

ಉತ್ತರ:
ಹಾಗಾದರೆ ಓವರ್‌ಡ್ರೈವ್‌ನ ಎಣ್ಣೆ ಅಲ್ಲಿಗೇ ಇಳಿದಿದೆ, ಸೀಲ್ ಬದಲಿಸಲು ಘಟಕವನ್ನು ಇಳಿಸಬೇಕು. ನಡುವಿನ ಸೀಟಿನ ಕೆಳಗಿನ ತಗಡು ತೆಗೆದರೆ ಮೇಲಿನಿಂದಲೂ ಕೈ ಹೋಗುತ್ತದೆ. ಹೊಸ ಸೀಲ್ ಕೂರಿಸುವ ಮೊದಲು, ಅದರ ತುಟಿ ಉಜ್ಜುವ ಲೋಹದ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ, ಸೀಲ್ ಒಂದನ್ನೇ ಬದಲಿಸಿದರೆ ದಂಡ. ಮೇನ್ ಶಾಫ್ಟ್ ತುದಿಯ ಸ್ಪ್ಲೈನ್‌ಗಳನ್ನೂ (ಉದ್ದುದ್ದ ಕೊರೆದ ಹಲ್ಲುಗಳು) ಆಗಲೇ ನೋಡಿಬಿಡಿ. ಅವು ಸವೆದಿದ್ದರೆ ಆಕ್ಸಲರೇಟರ್ ಒತ್ತಿ ಬಿಡುವಾಗಲೆಲ್ಲ ಟಕ್ ಎಂಬ ಪೆಟ್ಟು ಕೇಳಿಸುತ್ತದೆ.

ಎಣ್ಣೆ ಇಪಿ 90, ಜಿಎಲ್-4 ದರ್ಜೆಯದು (ಇಪಿ ಎಂದರೆ ಭಾರಿ ಒತ್ತಡ ತಾಳುವ ಗೇರ್ ಎಣ್ಣೆ, 90 ಅದರ ಮಂದತೆ, ಜಿಎಲ್ ಗೇರ್ ಎಣ್ಣೆಯ ದರ್ಜೆ). ಡಬ್ಬಿಯ ಮೇಲೆ ಜಿಎಲ್-5 ಎಂದಷ್ಟೇ ಇದ್ದರೆ ಬೇಡ. ಅಂಥ ಕೆಲವು ಎಣ್ಣೆಗಳಲ್ಲಿರುವ ಗಂಧಕದ ರಾಸಾಯನಿಕ ಕಂಚಿನ ಭಾಗಗಳನ್ನು ತಿನ್ನುತ್ತದೆ. ಇಳಿಸಿದ ಹಳೆಯ ಎಣ್ಣೆಯನ್ನು ಚೆಲ್ಲಬೇಡಿ, ಬಿಳಿ ಬಟ್ಟೆಯ ಮೇಲೆ ಸೋಸಿ. ಬೂದು ಬಣ್ಣದ ನುಣ್ಣನೆಯ ಪುಡಿ ಈ ವಯಸ್ಸಿಗೆ ಸಹಜ. ಸೂಜಿಯಂಥ ಚೂರು ಮಿನುಗಿದರೆ ಬೇರಿಂಗ್ ಹೋಗಿದೆ, ಗುಂಯ್ ಶಬ್ದಕ್ಕೆ ಉತ್ತರವೂ ಅದೇ.

ಓಡಿಸುವಾಗ ಕ್ಲಚ್ ಒತ್ತಿಯೇ ಲಿವರ್ ಎಳೆಯಿರಿ. ಒಂದು, ಎರಡನೇ ಗೇರ್‌ನಲ್ಲಿ ಓವರ್‌ಡ್ರೈವ್ ಬೇಡ. ಅಲ್ಲಿ ತಿರುಚುವ ಬಲ ಹೆಚ್ಚು, ಲಾಭ ಕಡಿಮೆ. ಇದರ ಅನುಪಾತ 0.782. ನಿಮ್ಮ ಚಿಕ್ಕ ಟೈರ್‌ಗೆ 80 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 3,200 ಸುತ್ತಿನ ಆಸುಪಾಸಿನಿಂದ 2,500ಕ್ಕೆ ಇಳಿಯುತ್ತದೆ. ಎದುರುಗಾಳಿಯಲ್ಲಿ ಅಥವಾ ಟ್ರೈಲರ್ ಕಟ್ಟಿದಾಗ ಎಂಜಿನ್ ಏದುಸಿರು ಬಿಟ್ಟರೆ ಮುಲಾಜಿಲ್ಲದೆ ಓವರ್‌ಡ್ರೈವ್ ಬಿಡಿಸಿ.

ಇನ್ನೊಬ್ಬರು (ಸಕಲೇಶಪುರದಿಂದ):
ಅಣ್ಣಾ, ನನ್ನ ಹಳೆಯ ಮಹೀಂದ್ರ ಜೀಪಿಗೂ ಇಂಥದ್ದು ಸಿಗುತ್ತದೆಯೇ? ಹಾಸನದ ಹೆದ್ದಾರಿಗೆ ಇಳಿದರೆ ಎಂಜಿನ್ ಕಿರುಚುತ್ತದೆ.

ಉತ್ತರ:
ಫೇರಿ ಘಟಕ ನಿಮ್ಮದಕ್ಕೆ ಕೂರುವುದಿಲ್ಲ. ನಿಮ್ಮದರಂಥ, ಅಮೆರಿಕದ ವಿಲ್ಲೀಸ್ ವಂಶದ ಜೀಪುಗಳ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್‌ಗೆಂದು (ಟ್ರಾನ್ಸ್‌ಫರ್ ಬಾಕ್ಸ್‌ಗೆ ಅಲ್ಲಿನ ಹೆಸರು) ಅಮೆರಿಕದಲ್ಲಿ ವಾರ್ನ್ ಕಂಪನಿ ಶೇ. 25ರ ಓವರ್‌ಡ್ರೈವ್ ಮಾಡುತ್ತಿತ್ತು. ಅದೂ ಹಿಂದಿನ ಪಿಟಿಒ ಜಾಗದಲ್ಲೇ ಕೂರುತ್ತದೆ. ಆದರೆ ಹಳೆಯದನ್ನು ಹುಡುಕಿ ತರಿಸಿ, ಆಮೇಲೆ ಬಿಡಿಭಾಗಕ್ಕೆ ಪರದಾಡುವುದು ಬೇಡ. ವೇಗ ಬೇಕಿದ್ದರೆ ಕ್ರೌನ್-ಪಿನಿಯನ್ (ಆಕ್ಸಲ್ ಒಳಗೆ ಚಕ್ರಗಳನ್ನು ತಿರುಗಿಸುವ ಹಲ್ಲುಗಾಲಿ ಜೋಡಿ) ಬದಲಿಸುವುದು ಸುಲಭದ ದಾರಿ. ಫೋರ್ ವ್ಹೀಲ್ ಇರುವುದರಿಂದ ಮುಂದಿನದು, ಹಿಂದಿನದು ಎರಡನ್ನೂ ಒಂದೇ ಅನುಪಾತಕ್ಕೆ ತರಬೇಕು, ಇಲ್ಲದಿದ್ದರೆ ಫೋರ್ ವ್ಹೀಲ್ ಹಾಕಿದ ದಿನ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ. ತೋಟದ ಏರಿನಲ್ಲಿ ಕಾಫಿ ಮೂಟೆ ಎಳೆಯುವ ಶಕ್ತಿ ಆಗ ತುಸು ಕುಗ್ಗುತ್ತದೆ. ಓವರ್‌ಡ್ರೈವ್ ಆದರೆ ಬೇಡವಾದಾಗ ತೆಗೆಯಬಹುದಿತ್ತು, ಇದನ್ನು ಹಾಗೆ ತೆಗೆಯಲಾಗದು. ವಾರಕ್ಕೆ ಎಷ್ಟು ದಿನ ಹೆದ್ದಾರಿ, ಎಷ್ಟು ದಿನ ತೋಟ, ಗಾಡಿಯ ಮಾದರಿ ಯಾವುದು ಎಂದು ಬರೆಯಿರಿ, ಅನುಪಾತ ಲೆಕ್ಕ ಹಾಕಿ ತಿಳಿಸುತ್ತೇನೆ.