ಮನೆ ಗುಂಪಲ್ಲಿ ನೆಟಿಕೆ ಜಗಳ

ಭಾನುವಾರ ಬೆಳಿಗ್ಗೆ 6:15ಕ್ಕೆ ಸಾಗರದ ಅತ್ತೆಯ ಫಾರ್ವರ್ಡು: "ನೆಟಿಕೆ ಮುರಿಯುವವರೇ ಎಚ್ಚರ! ಬೆರಳ ಮೂಳೆ ಸವೆದು 50ಕ್ಕೇ ಸಂಧಿವಾತ. ಹತ್ತು ಜನಕ್ಕೆ ಕಳಿಸಿ." ಕೆಳಗೆ ಅವರದೇ ಸಾಲು: "ಪುಟ್ಟ, ಓದು."

ಪುಟ್ಟ: ಅತ್ತೆ, ನೀವು ಓದಿದ್ರಾ?

ಅತ್ತೆ: ತಲೆಬರಹ ಓದಿದೆ. ಸಾಕು.

ಭದ್ರಾವತಿ ಭಾವ: ಸೋರ್ಸ್ ಎಲ್ಲಿ? ಟಕ್ ಅನ್ನೋದು ಮೂಳೆಯಲ್ಲ, ಕೀಲಿನ ದ್ರವದೊಳಗಿನ ಗಾಳಿಗುಳ್ಳೆ. 2015ರಲ್ಲಿ ಎಂಆರ್‌ಐ ಹಿಡಿದು ನೋಡಿದಾರೆ. ಅಮೆರಿಕದ ಡಾಕ್ಟರ್ ಡೊನಾಲ್ಡ್ ಅಂಗರ್ 60 ವರ್ಷ ಎಡಗೈ ನೆಟಿಕೆ ಮಾತ್ರ ಮುರಿದರು. ಎರಡು ಕೈಗೂ ಸಂಧಿವಾತ ಇಲ್ಲ. 2009ರಲ್ಲಿ ಇಗ್ ನೊಬೆಲ್ ಬಂತು.

ಅತ್ತೆ: ನೊಬೆಲ್ಲೇ ಬಂತಾ?

ಭಾವ: ಇಗ್ ನೊಬೆಲ್. ಮೊದಲು ನಗು ಬರಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋದು.

ಪುಟ್ಟ: ಒಬ್ಬರ ಕೈ ನೋಡಿ ತೀರ್ಮಾನವಾ ಭಾವ?

ದೊಡ್ಡಪ್ಪ: ಕೈ ಇರೋದು ಕೆಲಸಕ್ಕೆ. ಮೆಟ್ಟುಗತ್ತಿ ಮುಂದೆ ಕೂತವರಿಗೆ ನೆಟಿಕೆ ಮುರಿಯಕ್ಕೆ ಪುರುಸೊತ್ತೆಲ್ಲಿ?

ಸಣ್ಣಕ್ಕ: ಅಯ್ಯೋ, ಅಡಿಕೆ ಸುಲಿಯೋ ರಾತ್ರಿಗಳು! ಅಜ್ಜಿ ಕತ್ತಿಗೆ ಕಾಯಿ ಒತ್ತಿದ್ರೆ ಮೊಣಕೈ ಕೆಳಗೆ ನರ ಹುರಿಗಟ್ಟೋದು ಕಾಣ್ತಿತ್ತು.

ಭಾವ: ಅದು ನರ ಅಲ್ಲ, ಸ್ನಾಯು. ಬೆರಳೊಳಗೆ ಸ್ನಾಯುವೇ ಇಲ್ಲ, ಬರೀ ಸ್ನಾಯುರಜ್ಜು. ಬಾವಿ ಹಗ್ಗದ ಹಾಗೆ: ಕೊಡ ಒಂದು ಕಡೆ, ಎಳೆಯೋರು ಇನ್ನೊಂದು ಕಡೆ. ಜೋರಾಗಿ ಎಳೆಯೋರು ಮುಂಗೈಯಲ್ಲಿದ್ದಾರೆ. ಮೊಣಕೈ ಕೆಳಗೆ ಹಿಡ್ಕೊಂಡು ಬೆರಳಾಡಿಸಿ, ಗೊತ್ತಾಗತ್ತೆ. ಇನ್ನೊಂದು: ಮಧ್ಯದ ಬೆರಳು ಒಳಗೆ ಮಡಚಿ ಅಂಗೈಯನ್ನ ಮೇಜಿಗೆ ಒತ್ತಿ, ಉಂಗುರದ ಬೆರಳು ಎತ್ತಿ. ಏಳಲ್ಲ.

ಹತ್ತು ನಿಮಿಷ ಯಾರದೂ ಸದ್ದಿಲ್ಲ. ಎಲ್ಲರೂ ಮೇಜಿಗೆ ಕೈ ಒತ್ತಿದ್ದರೆಂದು ನನ್ನ ಗುಮಾನಿ. ನಾನಂತೂ ಒತ್ತಿದ್ದೆ, ಒಲೆ ಮೇಲೆ ಕಡುಬಿನ ನೀರು ಇಂಗಿತ್ತು.

ಅತ್ತೆ: ನಂದು ಎದ್ದಿತು.

ಭಾವ: ಮಧ್ಯದ ಬೆರಳು ಮಡಚಿದ್ರಾ?

ಅತ್ತೆ: ಉಂಗುರದ ಬೆರಳು ಅಂದ್ರಲ್ಲ ಅಳಿಯಂದಿರೇ, ನೆನಪಾಯ್ತು. ಅಮ್ಮನ ಉಂಗುರ ಹಿಸ್ಸೆ ದಿನ ಯಾರ ಬೆರಳಿಗೆ ಹೋಯ್ತು?

ದೊಡ್ಡಪ್ಪ: ಆ ವಿಷಯ ಇಲ್ಲಿ ಬೇಡ.

ಸಣ್ಣಕ್ಕ: ಅಜ್ಜಿ ಕೈಯಾರೆ ಕೊಟ್ಟಿದ್ದು.

ಅತ್ತೆ: ಕೈಯಾರೆ! ಆಗ ಅಮ್ಮನಿಗೆ ಲೋಟ ಹಿಡಿಯೋ ಶಕ್ತಿ ಇರ್ಲಿಲ್ಲ. ಸೋಪು ಹಚ್ಚಿ ಎಳೆದಿದ್ದನ್ನ ಬಚ್ಚಲುಮನೆ ಬಾಗಿಲಲ್ಲಿ ನಿಂತು ನೋಡಿದೀನಿ.

ಸಣ್ಣಕ್ಕ ಗುಂಪು ಬಿಟ್ಟಳು.

ಪುಟ್ಟ: ಮತ್ತೆ ನೆಟಿಕೆ...

ಅತ್ತೆ: ನಿನ್ನ ಯಾರೂ ಕೇಳ್ಲಿಲ್ಲ.

ಮಧ್ಯಾಹ್ನ ದೊಡ್ಡಮ್ಮ ಅದೇ ಫಾರ್ವರ್ಡನ್ನು ಹೊಸದಾಗಿ ಹಾಕಿದರು: "ಇದನ್ನ ನೋಡಿದ್ರಾ ಎಲ್ರೂ?"