ಪದಚರ್ಚೆ: ‘ಸ್ಟ್ರೆಚ್ ಟೈರು’ ಅಂದರೆ ಹಿಗ್ಗಿಸಿದ್ದೋ, ಎಳೆದು ಕೂರಿಸಿದ್ದೋ?

ಪ್ರಶ್ನೆ

ನಮಸ್ಕಾರ. ಮಂಡ್ಯದಲ್ಲಿ ಐಟಿಐ ಮಕ್ಕಳಿಗಾಗಿ ಟೈರು ಸುರಕ್ಷತೆಯ ಮೇಲೆ ಒಂದು ಸಣ್ಣ ಕನ್ನಡ ಕೈಪಿಡಿ ತಯಾರಾಗುತ್ತಿದೆ. ಕಾರಿನ ಎತ್ತರ ಕಡಿಮೆ ಮಾಡಿಸಿ, ಅಗಲದ ಡಿಸ್ಕಿಗೆ (ಟೈರು ಕೂರುವ ಲೋಹದ ಚಕ್ರಕ್ಕೆ) ಕಿರಿದಾದ ಟೈರು ಹಾಕಿಸುವ ವಿಷಯವೂ ಅದರಲ್ಲಿದೆ. ಕರಡಿನಲ್ಲಿ ‘ಲೋವರ್ಡ್ ಕಾರ್’ಗೆ ‘ಕುಗ್ಗಿಸಿದ ಕಾರು’, ‘ಸ್ಟ್ರೆಚ್ಡ್ ಟೈರ್’ಗೆ ‘ಹಿಗ್ಗಿಸಿದ ಟೈರು’, ‘ಬೀಡ್’ಗೆ ‘ಮಣಿ’ ಎಂದು ಬರೆದಿದೆ. ಇವು ಸರಿಯೇ? ಮೈಸೂರು ಕಡೆ ಗ್ಯಾರೇಜುಗಳಲ್ಲಿ ಏನೆನ್ನುತ್ತಾರೆ? ಇನ್ನೊಂದು ವಿಷಯ: ‘ಸ್ಟ್ರೆಚ್ ಟೈರು ಅಪಾಯಕಾರಿ’ ಎಂದು ಒಂದೇ ಸಾಲು ಬರೆದರೆ ಸಾಕು ಅಂತ ಕೆಲವರು, ಅದು ಅತಿಯಾಯಿತು ಅಂತ ಕೆಲವರು. ತಿಳಿದವರು ಬಿಡಿಸಿ ಹೇಳಬೇಕು.

ಉತ್ತರ

ಸರ್, ಮೊದಲು ‘ಮಣಿ’ಯನ್ನು ತೆಗೆದುಬಿಡಿ. ಬೀಡ್ ಎಂದರೆ ಟೈರು ಡಿಸ್ಕನ್ನು ಕಚ್ಚಿಕೊಳ್ಳುವ ಒಳ ಅಂಚು. ಅದರ ರಬ್ಬರಿನೊಳಗೆ ಉಕ್ಕಿನ ತಂತಿಯ ಬಳೆ ಇರುತ್ತದೆ. ಒಂದು ಸಲ ‘ತಂತಿಯಂಚು’ ಎಂದು ವಿವರಿಸಿ, ಆಮೇಲೆ ‘ಬೀಡ್’ ಎಂದೇ ಬರೆಯಿರಿ. ಪಂಚರ್ ಅಂಗಡಿಯಲ್ಲಿ ‘ಬೀಡ್ ಕೂತಿಲ್ಲ’, ‘ಬೀಡ್ ಬಿಟ್ಟಿದೆ’ ಅನ್ನುವ ಮಾತು ಆಗಲೇ ಬಳಕೆಯಲ್ಲಿದೆ, ಮಕ್ಕಳು ನಾಳೆ ಕೆಲಸಕ್ಕೆ ಹೋಗುವುದೂ ಅಲ್ಲಿಗೇ.

‘ಹಿಗ್ಗಿಸಿದ ಟೈರು’ ಕೂಡ ಬೇಡ. ಎತ್ತಿನ ಗಾಡಿಯ ಹಳಿ ಕಾಯಿಸಿದರೆ ಹಿಗ್ಗುತ್ತದೆ, ಅದರ ಸುತ್ತಳತೆಯೇ ಹೆಚ್ಚುತ್ತದೆ. ಇಲ್ಲಿ ಹಾಗೇನೂ ಆಗುವುದಿಲ್ಲ. ಬೀಡಿನ ತಂತಿ ಹಿಗ್ಗುವುದಿಲ್ಲ, ಟೈರಿನ ಪಕ್ಕೆಯೊಳಗಿನ (ಸೈಡ್‌ವಾಲ್ ಒಳಗಿನ) ನೂಲಿನ ಪದರವೂ ಹಿಗ್ಗುವುದಿಲ್ಲ. ಎರಡು ಬೀಡುಗಳ ನಡುವಿನ ಅಂತರ ಹೆಚ್ಚಾಗಿ, ಹೆಚ್ಚುಕಡಿಮೆ ನೆಟ್ಟಗಿರಬೇಕಾದ ಪಕ್ಕೆ ಡಿಸ್ಕಿನ ಅಂಚಿನಿಂದ ಒಳಮುಖವಾಗಿ ಓರೆಯಾಗಿ ನಿಲ್ಲುತ್ತದೆ, ಅಷ್ಟೇ. ‘ಹಿಗ್ಗಿಸಿದ’ ಎಂದು ಓದಿದ ಹುಡುಗ ರಬ್ಬರು ತೆಳುವಾಗಿ ಸಿಡಿಯುತ್ತದೆ ಅಂದುಕೊಂಡು ಪಕ್ಕೆಯನ್ನೇ ತಡವಿ ನೋಡುತ್ತಾನೆ. ಮೊದಲು ನೋಡಬೇಕಾದ್ದು ಬೀಡನ್ನು. ಅದಕ್ಕೇ ‘ಎಳೆದು ಕೂರಿಸಿದ ಟೈರು’ ಎನ್ನುವುದು ವಾಸಿ. ಎಳೆತ ಎಲ್ಲಿದೆ, ಏನು ಕೂತಿರಬೇಕು ಎರಡೂ ಆ ಮಾತಿನಲ್ಲೇ ಇವೆ.

ಅಳತೆ ಕೊಡದೆ ಈ ವಿಷಯ ಅರ್ಥವಾಗುವುದಿಲ್ಲ. 195/50 ಆರ್ 15 ಟೈರನ್ನೇ ತೆಗೆದುಕೊಳ್ಳಿ. ಅಗಲ 195 ಮಿಮೀ, ಪಕ್ಕೆಯ ಎತ್ತರ ಅದರ ಶೇ 50, ಅಂದರೆ 97.5 ಮಿಮೀ. ಆ 195 ಅನ್ನುವುದು ಗೊತ್ತುಪಡಿಸಿದ ಅಗಲದ ಡಿಸ್ಕಿನಲ್ಲಿ ಕೂರಿಸಿ ಅಳೆದದ್ದು. ಈ ಸೈಜಿಗೆ ಆ ಡಿಸ್ಕು 6 ಇಂಚು. ತಯಾರಕರ ಪಟ್ಟಿಯಲ್ಲಿ ಇದಕ್ಕೆ ಒಪ್ಪಿಗೆ ಇರುವುದು 5.5ರಿಂದ 7 ಇಂಚಿನವರೆಗೆ. ಇದನ್ನು 9 ಇಂಚಿನ ಡಿಸ್ಕಿಗೆ ಹಾಕಿದರೆ ಎರಡು ಅಂಚಿನ ನಡುವೆ 228.6 ಮಿಮೀ. ಟೈರಿಗಿಂತ ಡಿಸ್ಕೇ ಅಗಲವಾಯಿತು. ಡಿಸ್ಕಿನ ತುಟಿ ಹೊರಗೆ ಬಂದು, ಫುಟ್‌ಪಾತಿನ ಕಲ್ಲಿಗೂ ಹಳ್ಳದ ಅಂಚಿಗೂ ಮೊದಲು ಸಿಗುವುದು ಅಲ್ಯೂಮಿನಿಯಮ್ಮೇ.

ಇಷ್ಟು ಅಂತರದಲ್ಲಿ ಮಾಮೂಲಿ ಕಂಪ್ರೆಸರಿನಿಂದ ಗಾಳಿ ಬಿಟ್ಟರೆ ಬೀಡು ಡಿಸ್ಕಿಗೆ ತಾಗುವ ಮೊದಲೇ ಗಾಳಿಯೆಲ್ಲ ಸಂದಿಯಿಂದ ಹೊರಟುಹೋಗುತ್ತದೆ. ಆಗಲೇ ಕೆಟ್ಟ ಉಪಾಯಗಳು ಶುರುವಾಗುವುದು. ಟೈರಿನೊಳಗೆ ಪೆಟ್ರೋಲೋ ಸ್ಪ್ರೇಯೋ ಹೊಡೆದು ಬೆಂಕಿ ತೋರಿಸಿ, ‘ಧಡ್’ ಅಂತ ಕೂರಿಸುವುದನ್ನು ಕೈಪಿಡಿಯಲ್ಲಿ ಹೆಸರು ಹಿಡಿದೇ ಬೇಡವೆನ್ನಿ. ಒತ್ತಡ ಎಷ್ಟಕ್ಕೆ ಏರುತ್ತದೆ ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ, ಗಾಳಿ ಹಿಡಿದಿಡುವ ಒಳಪದರವೂ ಸುಡುತ್ತದೆ. ಸರಿಯಾದ ಕ್ರಮ ಬೇರೆ: ಡಿಸ್ಕಿನ ಕೂರುವ ಜಾಗ ಉಜ್ಜಿ ಸ್ವಚ್ಛ ಮಾಡಿ, ಬೀಡಿಗೆ ಟೈರು ಸೋಪು ಸವರಿ, ವಾಲ್ವಿನ ಒಳಪಿನ್ನು ಬಿಚ್ಚಿ ಗಾಳಿ ಬಿಡಬೇಕು, ಆಗದಿದ್ದರೆ ಒಮ್ಮೆಲೇ ಗಾಳಿ ನುಗ್ಗಿಸುವ ಸಿಲಿಂಡರು ಬಳಸಬೇಕು. ಕಾರಿನ ಟೈರು 40 ಪಿಎಸ್‌ಐ ಒಳಗೆ ಕೂರದಿದ್ದರೆ ಗಾಳಿ ಏರಿಸುತ್ತ ಹೋಗುವುದಲ್ಲ, ಪೂರ್ತಿ ಇಳಿಸಿ ಮತ್ತೆ ನೋಡಬೇಕು. ಕೂತ ಮೇಲೆ ಡಿಸ್ಕಿನ ಅಂಚಿಗೆ ಸಮಾನಾಂತರವಾಗಿ ಟೈರಿನ ಮೇಲಿರುವ ಸಣ್ಣ ಗೆರೆಯನ್ನು ಸುತ್ತಲೂ ನೋಡಿ. ಒಂದು ಕಡೆ ಅಂಚಿಗೆ ಹತ್ತಿರ, ಇನ್ನೊಂದು ಕಡೆ ದೂರ ಇದ್ದರೆ ಬೀಡು ಕೂತಿಲ್ಲ.

ಕೂತದ್ದು ಬಿಡುವುದು ಹೇಗೆ? ಒಳಗಿನ ಗಾಳಿ ಬೀಡನ್ನು ಹೊರಕ್ಕೆ ಒತ್ತಿ ಹಿಡಿದಿರುತ್ತದೆ. ಓರೆಯಾದ ಪಕ್ಕೆ ಅದನ್ನು ಸದಾ ಒಳಕ್ಕೆ ಎಳೆಯುತ್ತಿರುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರಕ್ಕೆ ಭಾರ ಬಿದ್ದಾಗ ನೆಲ ಟೈರನ್ನು ಒಳಬದಿಗೆ ತಳ್ಳುತ್ತದೆ, ಆ ಎಳೆತವೂ ಇದಕ್ಕೆ ಸೇರಿಕೊಳ್ಳುತ್ತದೆ. ಬೀಡು ಜಾರದಂತೆ ಡಿಸ್ಕಿನೊಳಗೆ ಒಂದು ಏಣು ಇದೆ, ಹಂಪ್ ಅನ್ನುವುದು ಅದಕ್ಕೇ. ಗಾಳಿ ಕಡಿಮೆಯಿದ್ದರೆ ಬೀಡು ಆ ಏಣು ದಾಟಿ ನಡುವಿನ ತಗ್ಗಿಗೆ ಬೀಳುತ್ತದೆ, ಕ್ಷಣದಲ್ಲಿ ಗಾಳಿ ಖಾಲಿ. ಇಂಥ ಟೈರಿನಲ್ಲಿ ಇನ್ನೊಂದು ಮೋಸವಿದೆ: ಪಕ್ಕೆ ಉಬ್ಬಿ ಕಾಣುವುದಿಲ್ಲವಾದ್ದರಿಂದ ಗಾಳಿ ಇಳಿದದ್ದು ಕಣ್ಣಿಗೆ ತಿಳಿಯುವುದಿಲ್ಲ. ಟೈರು ತಣ್ಣಗಿರುವಾಗ ಗೇಜು ಹಿಡಿದೇ ನೋಡಬೇಕು.

ಈಗ ‘ಕುಗ್ಗಿಸಿದ ಕಾರು’. ಕುಗ್ಗಿಸಿದರೆ ಗಾತ್ರವೇ ಕಡಿಮೆಯಾಗಬೇಕು. ‘ಇಳಿಸಿದ ಕಾರು’ ಎಂದರೆ ಲಾರಿಯಿಂದ ಇಳಿಸಿದಂತಾಗುತ್ತದೆ. ‘ತಗ್ಗಿಸಿದ ಕಾರು’ ಸರಿಯಾಗಿದೆ. ಗ್ಯಾರೇಜಿನಲ್ಲಿ ‘ಲೋ ಮಾಡ್ಸಿರೋ ಗಾಡಿ’ ಅನ್ನುತ್ತಾರೆ, ಅದೂ ಇರಲಿ. ‘ಕೂತ ಗಾಡಿ’ ಮಾತ್ರ ಬೇರೆ. ಸ್ಪ್ರಿಂಗ್ ಸೋತು ತಾನಾಗಿ ತಗ್ಗಿದ್ದಕ್ಕೆ ಹಾಗನ್ನುತ್ತಾರೆ, ಬೇಕೆಂದು ತಗ್ಗಿಸಿದ್ದಕ್ಕಲ್ಲ. ಈ ಭೇದ ಕೈಪಿಡಿಯಲ್ಲಿ ಉಳಿಯಲೇಬೇಕು.

ತಗ್ಗಿಸುವ ಭಾಗದಲ್ಲಿ ಸ್ಪ್ರಿಂಗ್ ಕತ್ತರಿಸುವುದರ ಬಗ್ಗೆ ಒಂದು ಪ್ಯಾರಾ ಬೇಕು, ಅಗ್ಗದ ದಾರಿ ಅಂತ ಹೆಚ್ಚು ಜನ ಹಿಡಿಯುವುದು ಅದನ್ನೇ. ಸ್ಪ್ರಿಂಗಿನ ಬಿಗಿ ಅದರ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮ. 6 ಸುತ್ತಿನಲ್ಲಿ 1 ಕತ್ತರಿಸಿದರೆ ಬಿಗಿ ಶೇ 20 ಏರುತ್ತದೆ, ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ. ಅದಕ್ಕೇ ಗಾಡಿ ಕುಣಿಯುವುದು. ಕತ್ತರಿಸಿದ ತುದಿ ಸ್ಪ್ರಿಂಗ್ ಸೀಟಿನ ಆಕಾರಕ್ಕೆ ಹೊಂದುವುದಿಲ್ಲ. ಉದ್ದ ಕಡಿಮೆಯಾದ್ದರಿಂದ ಚಕ್ರ ಪೂರ್ತಿ ಕೆಳಗೆ ಜೋತಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು. ಗ್ಯಾಸ್ ಕಟರಿನಿಂದ ಕಾಯಿಸಿ ಕೂರಿಸಿದರೆ ಉಕ್ಕಿನ ಹದವೇ ಹೋಗುತ್ತದೆ. ಚಕ್ರ ಮೇಲೇರಲು 80 ಮಿಮೀ ಜಾಗವಿದ್ದ ಗಾಡಿಯನ್ನು 40 ಮಿಮೀ ತಗ್ಗಿಸಿದರೆ ಉಳಿಯುವುದು ಅರ್ಧ, ಹಳ್ಳ ಸಿಕ್ಕಾಗಲೆಲ್ಲ ಬಂಪ್ ಸ್ಟಾಪಿಗೆ (ಸಸ್ಪೆನ್ಷನ್ ಕೊನೆಗೆ ತಡೆಯುವ ರಬ್ಬರಿಗೆ) ಬಡಿಯುತ್ತದೆ. ಅಳತೆಗೆ ತಕ್ಕ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಹಾಕಿ, 200–300 ಕಿಮೀ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಅಲೈನ್‌ಮೆಂಟ್ ಮಾಡಿಸುವುದು ಕ್ರಮ. ಚಕ್ರ ಒಳಕ್ಕೆ ವಾಲಿದ್ದರಿಂದ, ಅಂದರೆ ನೆಗೆಟಿವ್ ಕ್ಯಾಂಬರಿನಿಂದ, ಟೈರಿನ ಒಳಭುಜ ಸವೆಯುವುದು ನಿಜ. ಆದರೆ ಟೋ, ಅಂದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ತಪ್ಪಿದ್ದರೆ ಸವೆತ ಅದಕ್ಕಿಂತ ಬಹಳ ಬೇಗ. ಹೆಡ್‌ಲೈಟಿನ ನೋಟವನ್ನೂ ಮತ್ತೆ ಹೊಂದಿಸಬೇಕು. ಹಿಂಭಾಗ ಮಾತ್ರ ತಗ್ಗಿದ್ದರೆ ಬೆಳಕು ನೇರ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಬ್ಬರ ಉತ್ತರ

ಮೇಲಿನ ಪದಗಳಿಗೆ ನನ್ನದೂ ಒಪ್ಪಿಗೆ. ‘ಅಪಾಯಕಾರಿ’ ಎಂಬ ಒಂದೇ ಸಾಲಿಗೆ ಮಾತ್ರ ಒಪ್ಪಿಗೆಯಿಲ್ಲ. ಅದೇ 195/50 ಟೈರು 7 ಇಂಚಿನ ಡಿಸ್ಕಿನಲ್ಲಿ ಕೊಂಚ ಎಳೆದಂತೆ ಕಂಡರೂ ಪಟ್ಟಿಯೊಳಗೇ ಇದೆ. ಅದನ್ನೂ 9 ಇಂಚನ್ನೂ ಒಂದೇ ಮಾತಿನಲ್ಲಿ ಬೈದರೆ, ಎಳೆಯುವುದನ್ನು ಸಮರ್ಥಿಸುವವರು 7 ಇಂಚಿನ ಗಾಡಿ ತೋರಿಸಿ ಇಡೀ ಕೈಪಿಡಿಯನ್ನೇ ಸುಳ್ಳೆನ್ನುತ್ತಾರೆ. ‘ಪಟ್ಟಿ ಮೀರಿ ಎಳೆದ ಟೈರು’ ಎಂದು ಬರೆಯಿರಿ. ಪಟ್ಟಿ ಮೀರಿದ ಮೇಲೆ ಟೈರಿನ ಮೇಲೆ ಬರೆದ ಭಾರದ ಅಂಕಿಗೆ ಆಧಾರವಿಲ್ಲ, ಏಕೆಂದರೆ ಆ ಅಂಕಿ ಆ ಡಿಸ್ಕಿಗೆ ಕೊಟ್ಟದ್ದಲ್ಲ. ‘ಗಾಳಿ ಜಾಸ್ತಿ ಹಾಕಿದ್ದೀನಿ, ಬೀಡ್ ಬಿಡಲ್ಲ’ ಎಂಬ ವಾದಕ್ಕೂ ಅಲ್ಲೇ ಉತ್ತರ ಬೇಕು. ಗಾಳಿ ಹೆಚ್ಚಿದರೆ ಬೀಡಿಗೆ ಹಿಡಿತ ಹೆಚ್ಚುವುದು ನಿಜ, ಆದರೆ ಟೈರು ನಡುವೆ ಮಾತ್ರ ನೆಲ ಮುಟ್ಟಿ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ.

ಭಾರದ ಅಂಕಿಯನ್ನೂ ಬಿಡಿಸಿ ಹೇಳಿ. ಟೈರಿನ ಮೇಲೆ 82 ಎಂದಿದ್ದರೆ ಒಂದು ಟೈರು ಹೊರಬಹುದಾದ ಭಾರ 475 ಕೆಜಿ. ಹೆಚ್ಚು ಎಳೆತ ಕಾಣಲೆಂದು 165/50 ಆರ್ 15 ಹಾಕುವವರಿದ್ದಾರೆ. ಆ ಸೈಜಿನಲ್ಲಿ ಸಿಗುವ 73 ಅಂಕಿಗೆ 365 ಕೆಜಿ ಮಾತ್ರ. ಜನ, ಲಗೇಜು ತುಂಬಿ ಮುಂದಿನ ಆಕ್ಸಲ್ ಮೇಲೆ 770 ಕೆಜಿ ಬಿದ್ದರೆ ಒಂದೊಂದಕ್ಕೆ 385. ಬೀಡಿನ ಮಾತು ಹಾಗಿರಲಿ, ಭಾರದಲ್ಲೇ ಮೀರಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ ಇದೆ. ಬಿಸಿಲಲ್ಲಿ ಆ ವೇಗದಲ್ಲಿ ಮಂಡ್ಯ ದಾಟುವ ಹೊತ್ತಿಗೆ ಭಾರ ಮೀರಿದ ಟೈರು ಒಳಗೊಳಗೇ ಕಾದಿರುತ್ತದೆ. ವ್ಯಾಸದ ಲೆಕ್ಕವೂ ಇದೆ: 175/65 ಆರ್ 14 ಇದ್ದ ಗಾಡಿಗೆ (583 ಮಿಮೀ) ಈ 165/50 ಆರ್ 15 (546 ಮಿಮೀ) ಹಾಕಿದರೆ ನಿಜವಾದ 100ಕ್ಕೆ ಮೀಟರು 107ರ ಹತ್ತಿರ ತೋರಿಸುತ್ತದೆ.

ರಸ್ತೆಯ ಹಂಪಿನ ಬಗ್ಗೆಯೂ ಒಂದು ಲೆಕ್ಕ ಸೇರಿಸಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯ ಹಂಪು 3.7 ಮೀಟರ್ ಉದ್ದ, 10 ಸೆಂಮೀ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಅದರ ಮೇಲೆ 2.5 ಮೀಟರ್ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರದ) ಕಾರು ನಡುವಿಗೆ ಬಂದಾಗ ತಳದಿಂದ ಕಳೆದುಹೋಗುವ ಜಾಗ ಸುಮಾರು 46 ಮಿಮೀ. ಊರೊಳಗೆ ಮೊಳದುದ್ದಕ್ಕೆ ಗುಡ್ಡೆ ಹಾಕಿದ 12 ಸೆಂಮೀ ಹಂಪಿನಲ್ಲಿ ಎರಡು ಚಕ್ರವೂ ಸಮನೆಲದಲ್ಲಿರುತ್ತವೆ, ಪೂರ್ತಿ 120 ಮಿಮೀ ಹೋಗುತ್ತದೆ. ನೆಲಕ್ಕೂ ತಳಕ್ಕೂ ನಡುವೆ 165 ಮಿಮೀ ಇದ್ದ ಗಾಡಿಯನ್ನು 50 ತಗ್ಗಿಸಿದರೆ ಉಳಿಯುವುದು 115. ಚೇಂಬರು, ಅಂದರೆ ಎಂಜಿನ್ ತಳದ ಆಯಿಲ್ ತುಂಬಿರುವ ಭಾಗ, ಹಂಪಿಗೆ ಹೊಡೆಯುವುದು ಖಂಡಿತ. ಅಲ್ಲಿ ‘ಆಯಿಲ್ ಸಂಪ್’ ಎಂದು ಬರೆಯಬೇಡಿ. ನಮ್ಮ ಕಡೆ ಸಂಪು ಎಂದರೆ ನೀರಿನ ತೊಟ್ಟಿ, ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ‘ಚೇಂಬರ್’.

ಕಾನೂನಿನ ಸಾಲಿಗೆ ‘ಮಾರ್ಪಾಡು’ ಪದ ಸರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೆ ಸಂಬಂಧಿಸಿದ್ದು. ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಮಾರ್ಪಾಡಿಗೆ ತಲಾ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ.

ಕೊನೆಗೆ ಬರವಣಿಗೆಯ ಒಂದು ವಿಷಯ. ಡಿಸ್ಕಿನ ಮೇಲಿನ ‘15×7 ಜೆ’ಯಲ್ಲಿ 15 ವ್ಯಾಸ, 7 ಅಗಲ, ಎರಡೂ ಇಂಚಿನಲ್ಲಿ. ‘ಜೆ’ ಅಳತೆಯಲ್ಲ, ಡಿಸ್ಕಿನ ತುಟಿಯ ಆಕಾರದ ಗುರುತು. ‘7 ಜೆ ಇಂಚು’ ಎಂದು ಕರಡಿನಲ್ಲಿ ಎಲ್ಲಾದರೂ ಇದ್ದರೆ ತಿದ್ದಿಬಿಡಿ.