ಕಾವಲಿನ ಹುಲ್ಲಿಗೆ ರೂಪಾಯಿ ಲೆಕ್ಕ ಬೇಕಾ?

ಜಗಳೂರು_ಹುಡುಗಿ:
ಪಿಎಚ್‌ಡಿ ಮುಗಿಸಿ ಈಗ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡುತ್ತಿದ್ದೇನೆ. ಹುಲ್ಲುಗಾವಲು, ಕುರುಚಲು ಕಾಡು, ಕೆರೆ ನಮಗೆ ಪುಕ್ಕಟೆ ಮಾಡಿಕೊಡುವ ಕೆಲಸಕ್ಕೆ ರೂಪಾಯಿಯಲ್ಲಿ ಬೆಲೆ ಎಷ್ಟು ಅನ್ನೋದು ನನ್ನ ವಿಷಯ. ಮೊನ್ನೆ ಊರಲ್ಲಿ ಒಬ್ಬರು "ಇದಕ್ಕೂ ಸಂಬಳ ಕೊಡ್ತಾರಾ?" ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ಒಂದು ಹಟ್ಟಿಗೆ ಹೋಗಿದ್ದೆ. ಅಜ್ಜಿಯೊಬ್ಬರು ಕಾವಲಿನಿಂದ, ಅಂದರೆ ದನ ಕುರಿ ಮೇಯುವ ಹುಲ್ಲಿನ ಬಯಲಿನಿಂದ, ಹುಲ್ಲಿನ ಹೊರೆ ಹೊತ್ತು ತಂದರು. ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ತೂಗಿದೆ. 26 ಕಿಲೋ. "ದುಡ್ಡು ಕೊಟ್ಟು ತಂದಿದ್ರೆ ಎಷ್ಟಾಗ್ತಿತ್ತು ಅಜ್ಜಿ?" ಅಂದೆ. "ದುಡ್ಡು ಕೊಡೋ ಹಂಗಿದ್ರೆ ಕುರಿ ಯಾಕವ್ವ ಸಾಕ್ತಿದ್ದೆ?" ಅಂದರು. ಆ ಹೊರೆ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ದೇಶದ ಬಂಜರು ಭೂಮಿಯ ನಕಾಶೆಯಲ್ಲಿ ಎಷ್ಟೋ ಹುಲ್ಲುಗಾವಲು 'ಬಂಜರು' ಅಂತಲೇ ಸೇರಿಕೊಂಡಿವೆ. ಸೋಲಾರ್ ಪ್ಲಾಂಟಿಗೋ ಕಾರ್ಖಾನೆಗೋ ಜಾಗ ಹುಡುಕುವಾಗ ಸೊನ್ನೆ ಬೆಲೆಯ ಜಾಗವೇ ಮೊದಲು ಕಣ್ಣಿಗೆ ಬೀಳುತ್ತದೆ.

ಇದು ಹೊಸ ವಿದ್ಯೆ ಏನಲ್ಲ. 1997ರಲ್ಲಿ ರಾಬರ್ಟ್ ಕೋಸ್ಟಾಂಜಾ ಮತ್ತು ಜೊತೆಗಾರರು ಇಡೀ ಭೂಮಿಯ ಇಂಥ ಸೇವೆಗಳಿಗೆ ವರ್ಷಕ್ಕೆ ಸುಮಾರು 33 ಲಕ್ಷ ಕೋಟಿ ಡಾಲರ್ ಬೆಲೆ ಅಂತ ಅಂದಾಜು ಮಾಡಿದರು. ಆಗ ಇಡೀ ಜಗತ್ತಿನ ಉತ್ಪನ್ನವೇ ಸುಮಾರು 18 ಲಕ್ಷ ಕೋಟಿ. ಹಿರಿಯೂರಿನ ಹತ್ತಿರದ ನಮ್ಮ ವಾಣಿವಿಲಾಸ ಸಾಗರ ಡ್ಯಾಂ 89 ವರ್ಷ ಆದಮೇಲೆ 2022ರಲ್ಲಿ ಕೋಡಿ ಬಿತ್ತಲ್ಲ, ಆ ನೀರಿನ ಹಿಂದೆಯೂ ಮೇಲಿನ ಬೆಟ್ಟ, ಕಾಡು, ಹುಲ್ಲಿನ ದುಡಿಮೆ ಇದೆ.

ಕೋಟೆನಾಡು:
"ರೂಪಾಯಿಯಲ್ಲಿ ಬೆಲೆ" ಅಂದ್ರಾ? ಹೆತ್ತ ತಾಯಿಗೆ ಬೆಲೆ ಕಟ್ಟುತ್ತೀರಾ ಮೇಡಂ? ಬೆಲೆ ಹಚ್ಚಿದ ವಸ್ತು ಇವತ್ತಲ್ಲ ನಾಳೆ ಸಂತೆಗೆ ಬಂದೇ ಬರುತ್ತದೆ.

ಹಳೇ_ಮೇಷ್ಟ್ರು:
ತಾಯಿ ವಿಷಯ ಆಮೇಲೆ. 33 ಲಕ್ಷ ಕೋಟಿ ಅನ್ನೋ ಅಂಕಿಯನ್ನು ಬಿಟ್ಟುಬಿಡಿ ತಂಗಿ. ದಾವಣಗೆರೆಯಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ್ದೇನೆ. ಬೆಲೆ ಅಂದರೆ ಯಾರಾದರೂ ಕೊಡಲು ತಯಾರಿರುವ ದುಡ್ಡು. ಇಡೀ ಜಗತ್ತು ಗಳಿಸುವುದೇ 18, ಅದು 33 ಎಲ್ಲಿಂದ ಕೊಡುತ್ತದೆ? ಗಾಳಿ, ನೀರು ಪೂರ್ತಿ ಹೋದರೆ ಕೊಳ್ಳೋಕೆ ಮನುಷ್ಯನೇ ಇರುವುದಿಲ್ಲ. ಪೂರ್ತಿಗೆ ಬೆಲೆ ಕೇಳುವುದೇ ತಪ್ಪು. ಒಂದು ಎಕರೆ ಕಡಿಮೆಯಾದರೆ ಯಾರಿಗೆ ಎಷ್ಟು ನಷ್ಟ ಅಂತ ಕೇಳಬೇಕು.

ಜಗಳೂರು_ಹುಡುಗಿ:
"ಒಂದು ಎಕರೆ ಕಡಿಮೆಯಾದರೆ", ನಾನು ಮಾಡುತ್ತಿರೋದು ಅದೇ ಮೇಷ್ಟ್ರೇ. ಹುಲ್ಲು ಹೋದರೆ ಮೇವು ಕೊಳ್ಳಬೇಕು, ಆ ಖರ್ಚು ಹಿಡಿಯುತ್ತೇನೆ. ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಬೆಟ್ಟಕ್ಕೆ ಜನ ಬೈಕಿಗೆ ಪೆಟ್ರೋಲ್ ಹಾಕಿಸಿ, ಒಂದು ದಿನದ ದುಡಿಮೆ ಬಿಟ್ಟು ಹೋಗುತ್ತಾರೆ. ಅದನ್ನು ಕೂಡಿದರೆ ಆ ಬೆಟ್ಟ ಅವರಿಗೆ ಕಮ್ಮಿ ಅಂದರೂ ಎಷ್ಟು ಬಾಳುತ್ತದೆ ಅಂತ ತಿಳಿಯುತ್ತದೆ.

ಕೋಟೆನಾಡು:
ಜೋಗಿಮಟ್ಟಿ ಅಂದರೆ ಪೆಟ್ರೋಲ್ ಬಿಲ್ಲಾ? ಬೆಳಗಿನ ಜಾವ ಮಂಜು ಸರಿದಾಗ ಅಲ್ಲಿಂದ ಕೋಟೆ ನೋಡಿದ್ದೀರಾ? ನಡೆದುಕೊಂಡು ಹೋಗುವ ಬಡವನಿಗೆ ಆ ಬೆಟ್ಟದ ಬೆಲೆ ಸೊನ್ನೆ ಅಂತ ಆಯಿತಲ್ಲ ನಿಮ್ಮ ಲೆಕ್ಕದಲ್ಲಿ!

ವೇದಾವತಿ_ಹಿರಿಯೂರು:
ಎಲ್ಲರೂ ಒಂದು ಮಾತು ಬಿಟ್ಟು ಮುಂದೆ ಹೋದಿರಿ. ವಾಣಿವಿಲಾಸ ಕೋಡಿ ಬಿದ್ದಿದ್ದು ಹುಲ್ಲಿನಿಂದಾನಾ? ಆ ಸೆಪ್ಟೆಂಬರಿನಲ್ಲಿ ಕೋಡಿ ಹತ್ತಿರ ನಿಂತು ನೋಡಿದವನು ನಾನು. ನಮ್ಮಪ್ಪನಿಗೆ ಆ ಭಾಗ್ಯ ಇರಲಿಲ್ಲ, ತಾತ ನೋಡಿದ್ದನಂತೆ. ಅಜ್ಜಂಪುರದ ಕಡೆಯಿಂದ ಭದ್ರಾ ನದಿಯಿಂದ ಎತ್ತಿದ ನೀರು ಬಂತು, ಮೇಲೆ ಮಳೆ ಹೊಡೆಯಿತು, ತುಂಬಿತು. ಆ ನೀರಿಗಾಗಿ ಬೀದಿಗಿಳಿದು ಕೂತಿದ್ದು ಜನ, ಹುಲ್ಲಲ್ಲ.

ಜಗಳೂರು_ಹುಡುಗಿ:
"ಹುಲ್ಲಿನಿಂದ" ಅಂತ ನಾನೆಲ್ಲಿ ಅಂದೆ? "ಹಿಂದೆಯೂ" ಅಂದೆ. ಆ ಡ್ಯಾಂ ಇರುವ ವೇದಾವತಿ ನದಿಗೆ ನೀರು ಬರೋದು ಬಾಬಾಬುಡನ್‌ಗಿರಿ ಬೆಟ್ಟಗಳಿಂದ. ಭದ್ರಾ ಹುಟ್ಟೋದು ಗಂಗಾಮೂಲದಲ್ಲಿ. ಎರಡೂ ಕಾಡೇ ಅಲ್ವಾ? ಭದ್ರಾ ನೀರು ಎತ್ತುವ ಪಂಪಿಗೆ ಕರೆಂಟ್ ಬಿಲ್ ಬರುತ್ತದೆ. ಕಾಡಿಗೆ ಬಿಲ್ ಬರುವುದಿಲ್ಲ.

ವೇದಾವತಿ_ಹಿರಿಯೂರು:
"ಬಾಬಾಬುಡನ್‌ಗಿರಿ" ಅಂದ್ರಲ್ಲ, 1933ರಲ್ಲಿ ಭದ್ರಾ ನೀರು ಇರಲಿಲ್ಲ. ಆದರೂ ಡ್ಯಾಂ ಪೂರ್ತಿ ತುಂಬಿತು. ಆಮೇಲೆ 2022ರ ತನಕ ತುಂಬಲೇ ಇಲ್ಲ. ಅಷ್ಟೂ ವರ್ಷ ಬೆಟ್ಟ ಅಲ್ಲೇ ಇತ್ತಲ್ಲ? ಯಾಕೆ ತುಂಬಲಿಲ್ಲ? ಇದಕ್ಕೆ ನೇರ ಉತ್ತರ ಕೊಡಿ.

ಮೆಕ್ಕೆಜೋಳ_ರೈತ:
ಉತ್ತರ ನಾನು ಕೊಡುತ್ತೇನೆ. ಮೇಲೆ ಚೆಕ್ ಡ್ಯಾಂ ಆದವು, ಬೋರ್‌ವೆಲ್ ಆದವು. ನೀರು ಮಾರಿಕಣಿವೆ (ಅದೇ ವಾಣಿವಿಲಾಸ ಡ್ಯಾಂ) ಮುಟ್ಟೋಕೆ ಮುಂಚೆಯೇ ಮುಗೀತು. ಇದಕ್ಕೆ ಪೋಸ್ಟ್‌ಡಾಕ್ ಬೇಕಾಗಿಲ್ಲ.

ವೇದಾವತಿ_ಹಿರಿಯೂರು:
"ಬೋರ್‌ವೆಲ್" ಕೊರೆಸಿದವರು ಯಾರು? ಅಡಿಕೆ ಹಾಕೋಕೆ ನಿಮ್ಮಂಥವರೇ ಕೊರೆಸಿದ್ದು.

ಮೆಕ್ಕೆಜೋಳ_ರೈತ:
ನನ್ನ ಹೊಲದಲ್ಲಿ ಒಂದು ಅಡಿಕೆ ಗಿಡ ತೋರಿಸಿ. ಮಳೆ ನಂಬಿ ಮೆಕ್ಕೆಜೋಳ ಹಾಕುವವನು ನಾನು. ಬಾಯಿಗೆ ಬಂದಂಗೆ ಮಾತಾಡಬೇಡಿ.

ಹಳೇ_ಮೇಷ್ಟ್ರು:
ಇಬ್ಬರೂ ಸ್ವಲ್ಪ ತಾಳಿ. "ಕಾಡೇ ಅಲ್ವಾ" ಅನ್ನೋ ಮಾತಿಗೆ ನನ್ನ ತಕರಾರು. ಕಾಡಿದ್ದರೆ ನೀರು ಜಾಸ್ತಿ ಅಂತ ಸುಮ್ನೆ ಹೇಳುವ ಹಾಗಿಲ್ಲ. ಮರವೂ ನೀರು ಕುಡಿಯುತ್ತದೆ. ಬಯಲಲ್ಲಿ ದಟ್ಟವಾಗಿ ಮರ ಬೆಳೆಸಿದಾಗ ಹಳ್ಳದ ಹರಿವು ಇಳಿದದ್ದು ಎಷ್ಟೋ ದೇಶಗಳಲ್ಲಿ ಅಳೆದು ನೋಡಿದ ಸಂಗತಿ. ಕಾಡು ಮಣ್ಣು ಕೊಚ್ಚಿ ಹೋಗದ ಹಾಗೆ ಹಿಡಿಯುತ್ತದೆ, ನೀರು ಇಂಗಿಸುತ್ತದೆ. ಆದರೆ ಎಷ್ಟು ನೀರು ಅನ್ನೋದು ಬೇರೆ ಪ್ರಶ್ನೆ.

ಜಗಳೂರು_ಹುಡುಗಿ:
ಮಣ್ಣು ಹಿಡಿಯುತ್ತದೆ ಅಂತ ನೀವೇ ಒಪ್ಪಿದಿರಿ. ಹೂಳು ತುಂಬದೇ ಇರುವುದಕ್ಕೂ ಬೆಲೆ ಇದೆ. ನಾನು ಬಯಲಲ್ಲಿ ಮರ ನೆಡಿ ಅಂತ ಹೇಳಿಯೇ ಇಲ್ಲ, ಹುಲ್ಲನ್ನು ಹುಲ್ಲಾಗಿ ಬಿಡಿ ಅಂತಿದ್ದೇನೆ. ನಮ್ಮ ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಜಿಂಕೆಯಂಥ ಕಾಡುಪ್ರಾಣಿ) ಬದುಕಿರುವುದು ಕುರುಚಲು ಕಾಡು, ಹುಲ್ಲಿನ ನಡುವೆಯೇ.

ವೇದಾವತಿ_ಹಿರಿಯೂರು:
ಕೊಂಡುಕುರಿ ಆಮೇಲೆ. 1933ಕ್ಕೆ ಉತ್ತರ ಇನ್ನೂ ಬಂದಿಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಎರಡೂವರೆ ವರ್ಷದೊಳಗೆ ಕಾಡು ಬೆಳೆದುಬಿಟ್ಟಿತಾ? ಭದ್ರಾ ನೀರು ಬಂದ ಮೇಲೆ ತುಂಬಿತು. ಅಷ್ಟು ಒಪ್ಪಿಕೊಳ್ಳಿ.

ಕೋಟೆನಾಡು:
ಡ್ಯಾಂ ಮೈಸೂರು ಅರಸರ ಕಾಲದ್ದು. 1898ರಲ್ಲಿ ಕೆಲಸ ಶುರು ಮಾಡಿ 1907ರ ಹೊತ್ತಿಗೆ ಮುಗಿಸಿದರು. ಅವರು ಯಾರೂ ಬೆಟ್ಟಕ್ಕೆ ರೂಪಾಯಿ ಹಚ್ಚಿ ಕೂರಲಿಲ್ಲ.

ಹಳೇ_ಮೇಷ್ಟ್ರು:
ಡ್ಯಾಂ ಕಟ್ಟೋಕೆ ಖರ್ಚಿನ ಲೆಕ್ಕ ಹಾಕಿಯೇ ಕಟ್ಟಿದ್ದು. ಲೆಕ್ಕ ಇಲ್ಲದೆ ಅಷ್ಟು ಕಲ್ಲು ಅಲ್ಲಿಗೆ ಬರಲಿಲ್ಲ.

ಮೆಕ್ಕೆಜೋಳ_ರೈತ:
ಮೇಡಂ, "ಪುಕ್ಕಟೆ" ಅಂತ ಬರೆದಿದ್ದೀರಿ. ಒಂದೇ ಒಂದು ಪುಕ್ಕಟೆ ಸೇವೆ ನನ್ನ ಹೊಲದಲ್ಲಿ ತೋರಿಸಿ. 2018ರಲ್ಲಿ ಸೈನಿಕ ಹುಳು ಬಂತು. ಸುಳಿಯೊಳಗೆ ಕೂತು ತಿನ್ನುತ್ತಿತ್ತು, ಎಲೆ ಬಿಡಿಸಿದರೆ ಒದ್ದೆ ಮರದ ಪುಡಿಯಂಥ ಹಿಕ್ಕೆ. ಎರಡು ಸಲ ಔಷಧಿ ಹೊಡೆದೆ. ಆಗ ನಿಮ್ಮ ಹಕ್ಕಿ, ಕಣಜ ಎಲ್ಲಿದ್ದವು?

ಜಗಳೂರು_ಹುಡುಗಿ:
ಅಣ್ಣ, ಆ ಹುಳುವಿನ ಮೊಟ್ಟೆಯೊಳಗೆ ಮೊಟ್ಟೆ ಇಡುವ ಕಣಜ ಇದೆ. ಔಷಧಿ ಹೊಡೆದರೆ ಅದೂ ಸಾಯುತ್ತದೆ. ಬದುವಿನಲ್ಲಿ ಹೂ ಬಿಡುವ ಗಿಡ ಉಳಿದಿದ್ದರೆ ಅವಕ್ಕೆ ಇರೋಕೆ ಜಾಗ ಸಿಗುತ್ತದೆ. ಹದ್ದುಗಳ ಕಥೆ ನೋಡಿ. ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧಿಯಿಂದ ರಣಹದ್ದು ಸತ್ತವು. ಸತ್ತ ದನ ತಿನ್ನೋರಿಲ್ಲದೆ ರೋಗ ಹೆಚ್ಚಿತು. 2000ದಿಂದ 2005ರವರೆಗೆ ಇದರಿಂದ ದೇಶದಲ್ಲಿ ಸುಮಾರು 5 ಲಕ್ಷ ಜನ ಜಾಸ್ತಿ ಸತ್ತರು ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಹದ್ದು ಪುಕ್ಕಟೆ ಮಾಡುತ್ತಿದ್ದ ಕೆಲಸ ಅದು.

ಮೆಕ್ಕೆಜೋಳ_ರೈತ:
"ಬದುವಿನಲ್ಲಿ" ಗಿಡ ಬಿಡಿ ಅಂತೀರಿ. ನನ್ನದು ಇರೋದೇ ಎರಡು ಎಕರೆ. ಬದು ಬಿಟ್ಟರೆ ಏನು ಉಳೀತು?

ಕುರಿಹಟ್ಟಿ:
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಡ್ಯಾಂ ತುಂಬಿದ್ದು ಯಾಕೆ ಅಂತ ದಿನವೆಲ್ಲ ಕಿತ್ತಾಡಿದಿರಿ. ಹುಲ್ಲಿನ ಮಾತು ಯಾರೂ ಆಡಲಿಲ್ಲ. ನಮ್ಮೂರ ಪಕ್ಕದ ಕಾವಲಿಗೆ ಗೋಡೆ ಬಂತು. ಯಾರು ಕಟ್ಟಿದ್ದು ಅನ್ನೋದು ಇಲ್ಲಿ ಬೇಡ. ನಮ್ಮಪ್ಪನ ಹತ್ತಿರ 80 ಕುರಿ ಇದ್ದವು, ಈಗ 22. ಉಣ್ಣೆ ಸಾಲದೆ ಕಂಬಳಿ ನೇಯೋದು ನಿಂತಿತು. ಮಗ್ಗದ ಗುಂಡಿಯಲ್ಲಿ ಈಗ ಕೋಳಿ ಮಲಗುತ್ತವೆ. ಅಕ್ಕ, ನೀವು ಆಗಲೇ ಬಂದು ಹುಲ್ಲಿಗೆ ಬೆಲೆ ಬರೆದಿದ್ದರೆ ಆ ಗೋಡೆ ನಿಲ್ಲುತ್ತಿತ್ತಾ?

ಜಗಳೂರು_ಹುಡುಗಿ:
ನಿಲ್ಲುತ್ತಿತ್ತು ಅಂತ ಮಾತು ಕೊಡಲಾರೆ ತಮ್ಮ. ಸೊನ್ನೆ ಅಂತೂ ಇರುತ್ತಿರಲಿಲ್ಲ. ಕಾಡು ಬೇರೆ ಕೆಲಸಕ್ಕೆ ಬಿಟ್ಟುಕೊಡುವಾಗ ಎನ್‌ಪಿವಿ ಅಂತ, ಅಂದರೆ ಆ ಕಾಡು ಮುಂದೆ ಕೊಡಬಹುದಾಗಿದ್ದ ಲಾಭದ ಇವತ್ತಿನ ಬೆಲೆ ಅಂತ, ದುಡ್ಡು ಕಟ್ಟಿಸಿಕೊಳ್ಳುತ್ತಾರೆ. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. 2022ರಲ್ಲಿ ಅದನ್ನು 9.57 ಲಕ್ಷದಿಂದ 15.95 ಲಕ್ಷಕ್ಕೆ ಏರಿಸಿದರು. ಪುಕ್ಕಟೆ ಕೊಡುವುದಕ್ಕಿಂತ ಇದು ಮೇಲು ಅಲ್ವಾ?

ಕೋಟೆನಾಡು:
"ಕಟ್ಟಿಸಿಕೊಳ್ಳುತ್ತಾರೆ"! ಮೊದಲನೇ ಉತ್ತರದಲ್ಲಿ ನಾನು ಹೇಳಿದ್ದು ಇದನ್ನೇ. ದುಡ್ಡು ಕಟ್ಟು, ಕಡಿದುಕೋ. ಬೆಲೆ ಅನ್ನೋದು ಕೊನೆಗೆ ಕಡಿಯೋಕೆ ರಸೀದಿ ಆಯಿತು.

ಕುರಿಹಟ್ಟಿ:
ಆ ದುಡ್ಡು ಯಾರ ಕೈಗೆ ಹೋಗುತ್ತದೆ ಅಕ್ಕ? ನಮ್ಮ ಹಟ್ಟಿಗಾ?

ಜಗಳೂರು_ಹುಡುಗಿ:
ಇಲ್ಲ. ಕಾಡು ಕಳೆದದ್ದಕ್ಕೆ ಪರಿಹಾರವಾಗಿ ಸರ್ಕಾರ ಇಟ್ಟಿರುವ ಕ್ಯಾಂಪಾ ನಿಧಿಗೆ ಹೋಗುತ್ತದೆ, ಮತ್ತೆ ಗಿಡ ನೆಡೋಕೆ, ಕಾಡಿನ ಕೆಲಸಕ್ಕೆ. ಅದಕ್ಕೇ ಯಾರಿಗೆ ಎಷ್ಟು ನಷ್ಟ ಅಂತ ಹಟ್ಟಿಯಿಂದ ಹಟ್ಟಿಗೆ ಹೋಗಿ ಬರೆಯುತ್ತಿರೋದು. ಎಕರೆಗೆ ಇಷ್ಟು ಅಂತ ಬರೆದು ಕೈತೊಳೆದುಕೊಂಡರೆ ಸಾಲದು, ಆ ಎಕರೆ ಯಾರ ಹೊಟ್ಟೆ ಹೊರೆಯುತ್ತಿತ್ತು ಅಂತಲೂ ಬರೆಯಬೇಕು. ಪವನ್ ಸುಖದೇವ್ ಅವರ ನೇತೃತ್ವದಲ್ಲಿ ಪ್ರಕೃತಿಯ ಬೆಲೆ ಲೆಕ್ಕ ಹಾಕಿದ 'ಟೀಬ್' ಅನ್ನೋ ಅಂತರರಾಷ್ಟ್ರೀಯ ಅಧ್ಯಯನದ ವರದಿಗಳೂ ಇದೇ ಹೇಳಿದವು. ಪ್ರಕೃತಿಯನ್ನು ನೆಚ್ಚಿ ಬದುಕುವ ಬಡವರ ಆದಾಯದಲ್ಲಿ ಅದರ ಪಾಲು ದೇಶದ ಜಿಡಿಪಿ ತೋರಿಸುವುದಕ್ಕಿಂತ ಎಷ್ಟೋ ದೊಡ್ಡದು ಅಂತ.

ಕೋಟೆನಾಡು:
ಆ ಸುಖದೇವ್ ಡಾಯ್ಚೆ ಬ್ಯಾಂಕಿನಲ್ಲಿದ್ದವರು. ಬ್ಯಾಂಕಿನವರು ಕಾಡಿಗೆ ಬೆಲೆ ಕಟ್ಟೋಕೆ ಬಂದರೆ ನಾನು ನಂಬಬೇಕಾ?

ಹಳೇ_ಮೇಷ್ಟ್ರು:
ಮನುಷ್ಯ ಎಲ್ಲಿ ಕೆಲಸ ಮಾಡಿದ ಅನ್ನೋದರಿಂದ ಲೆಕ್ಕ ತಪ್ಪಾಗುವುದಿಲ್ಲ. ತಪ್ಪು ಬೇರೆ ಕಡೆ ಇದೆ ತಂಗಿ. ಹುಲ್ಲಿಗೆ ಒಂದು ಬೆಲೆ, ಕುರಿಗೆ ಇನ್ನೊಂದು, ಉಣ್ಣೆಗೆ ಮತ್ತೊಂದು ಹಾಕಿ ಎಲ್ಲಾ ಕೂಡಿಸಿದರೆ ಒಂದೇ ಹುಲ್ಲನ್ನು ಮೂರು ಸಲ ಎಣಿಸಿದ ಹಾಗೆ. ಕುರಿಯ ಬೆಲೆಯೊಳಗೆ ಹುಲ್ಲು ಆಗಲೇ ಇದೆ. ನಿಮ್ಮ ಪೇಪರ್ ಬಂದಾಗ ನಾನು ಮೊದಲು ಆ ಪಟ್ಟಿಯನ್ನೇ ನೋಡುತ್ತೇನೆ.

ಜಗಳೂರು_ಹುಡುಗಿ:
ನೋಡಿ ಮೇಷ್ಟ್ರೇ. ಮೇವಿನ ಖರ್ಚು ಹಿಡಿದ ಕಡೆ ಕುರಿಯ ಬೆಲೆ ಹಿಡಿದಿಲ್ಲ.

ಕುರಿಹಟ್ಟಿ:
ಅಕ್ಕ, ಒಂದು ಮಾತು. ಹೊರೆ ತೂಗಿದ್ದು ಮಳೆ ಬಂದ ಮೇಲೆ ತಾನೆ? ಅದಕ್ಕೇ 26 ಕಿಲೋ. ಮಾರ್ಚ್ ತಿಂಗಳಲ್ಲಿ ಬನ್ನಿ. ನಮ್ಮವ್ವ ಬೆಳಿಗ್ಗೆ ಹೋದವಳು ಮಧ್ಯಾಹ್ನ ಬರುತ್ತಾಳೆ, 8 ಕಿಲೋ ಸಿಕ್ಕರೆ ಜಾಸ್ತಿ. ಆ ಅರ್ಧ ದಿನವನ್ನೂ ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ.

ಜಗಳೂರು_ಹುಡುಗಿ:
ಬರುತ್ತೇನೆ. ಅವ್ವನ ಜೊತೆ ಬೆಳಿಗ್ಗೆಯೇ ಹೊರಡುತ್ತೇನೆ, ತಕ್ಕಡಿ ತರುತ್ತೇನೆ.

ವೇದಾವತಿ_ಹಿರಿಯೂರು:
ಎಲ್ಲಾ ಸರಿ. 1933ರಿಂದ 2022ರ ತನಕ ಯಾಕೆ ತುಂಬಲಿಲ್ಲ ಅಂತ ಮೇಡಂ ಇನ್ನೂ ಹೇಳಿಲ್ಲ. ನಾನು ಇಲ್ಲೇ ಇದ್ದೇನೆ.